ತಾಮ್ರದ ಚಡ್ಡಿ

ಮೆಕೇ, ಐಡಹೊ
ಆಗಸ್ಟ್ 2, 1976

ಆರ್ವಿಡ್ ಭಾವನಿಗೆ,

ಕೈ ಹೇಗಿದೆ ಎಂದು ಕೇಳಿ ಕಾಗದ ಶುರುಮಾಡಬೇಕು. ಅದನ್ನು ಕೇಳುವುದಕ್ಕೆಂದೇ ಫೋನ್ ಮಾಡಿದ್ದೆ, ಒಂದು ಸಲವಲ್ಲ. ನನ್ನ ದನಿ ಕಿವಿಗೆ ಬಿದ್ದದ್ದೇ ತಡ, ನೀನು ಫೋನ್ ಕುಕ್ಕಿ ಇಟ್ಟುಬಿಟ್ಟೆ. ನಿಮ್ಮ ರಸ್ತೆಯ ಮನೆಗಳಿಗೆಲ್ಲ ಒಂದೇ ತಂತಿ. ನೀನು ಕುಕ್ಕಿದ ಸದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿ ಊಟಕ್ಕೆ ಉಪ್ಪಿನಕಾಯಿ ಮಾಡಿಕೊಂಡಿರುತ್ತಾರೆ. ಹಾಗಾಗಿ ಈ ಕಾಗದ. ಇದನ್ನು ಕುಕ್ಕಲು ಬರುವುದಿಲ್ಲ. ಒಲೆಗೆ ಹಾಕಬಹುದು, ಆದರೆ ನೀನು ಓದದೆ ಹಾಕುವವನಲ್ಲ, ಗೊತ್ತು.

ಶನಿವಾರ ಡೆಲ್ಬರ್ಟನ ಹಿಂಡಿ ಅಂಗಡಿಗೆ ಹೋಗಿದ್ದೆ. ಅಂಗಡಿ ತುಂಬ ಜನ. ಎಲ್ಲರ ಎದುರಿಗೆ ಅವನು ಕೇಳಿದ: "ಲೆಲ್ಯಾಂಡ್, ನೀನ್ ಮಾಡಿದ್ ಬಂದೂಕಿನ ತೋಟಾ ನಿಮ್ ಭಾವನ ಬೆರಳು ತಿಂದ್ವಂತೆ? ಆರ್ವಿಡ್ ಲೆಡೋರ್ ತುಂಬಾ ಹೇಳ್ಕೊಂಡು ತಿರುಗ್ತಿದಾನಲ್ಲೋ!"

ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪನ ಕೈಯಲ್ಲಿ ಎರಕ ಕಲಿತವನು ನಾನು. ಈ ಕಣಿವೆಯಲ್ಲಿ ಎಲ್ಕ್ ಜಿಂಕೆಯ ಬೇಟೆಗೆ ಜನರನ್ನು ಕರೆದುಕೊಂಡು ಹೋಗುವ ಮಾರ್ಗದರ್ಶಿಗಳಲ್ಲಿ ಮುಕ್ಕಾಲು ಪಾಲು ಜನರ ಸೊಂಟದಲ್ಲಿರುವುದು ನನ್ನ ತೋಟಾ. ಕೌಂಟಿಯ ರಸ್ತೆ ಸಮ ಮಾಡುವ ಯಂತ್ರ ಓಡಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತೇನೆ, ನಿಜ. ಆದರೆ ನನಗೆ ಹೆಸರು ಅಂತ ಇರುವುದು ಆ ಸೀಸದಿಂದ. ಇವತ್ತಿನವರೆಗೆ ಒಂದು ತೋಟಾ ಕೂಡ ವಾಪಸು ಬಂದದ್ದಿಲ್ಲ.

ಏಪ್ರಿಲ್‌ನಲ್ಲಿ ನನ್ನ ಹರ್ನಿಯಾ ಆಪರೇಷನ್ನಿಗೆ ವರ್ನಕ್ಕ ಬಂದಿದ್ದವಳು ಹೋಗುವಾಗ ನನ್ನ ಕಪಾಟಿನಿಂದ ನಿನಗೆಂದು ಒಂದು ಡಬ್ಬಿ ತೋಟಾ ಒಯ್ದಳು. ಒಪ್ಪಿದೆ. ಆದರೆ ಆ ಡಬ್ಬಿಯ ಒಂದೊಂದು ಗುಂಡಿನ ತಳದಲ್ಲೂ ಗ್ಯಾಸ್ ಚೆಕ್ ಇದೆ. ತಾಮ್ರದ ಪುಟ್ಟ ಬಟ್ಟಲು. ಮದ್ದಿನ ಬೆಂಕಿ ಸೀಸದ ತಳವನ್ನು ಕರಗಿಸದಂತೆ ಅದು ತಡೆಯುತ್ತದೆ, ಗುಂಡಿಗೆ ಸವರಿದ ಗ್ರೀಸು ಮದ್ದಿನ ಕಡೆ ಇಳಿಯದಂತೆಯೂ ತಡೆಯುತ್ತದೆ. ಬಟ್ಟಲಿಲ್ಲದೆ ನಾನು ಗುಂಡನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ. ನೀನು ಎರೆಯುವ ಗುಂಡು ಮೆತ್ತನೆಯ ಸೀಸದ್ದು, ಬೋಳು ತಳದ್ದು. ಹಾಗಿರುವಾಗ ಇದರಲ್ಲಿ ಊಹೆ ಮಾಡುವುದೇನು ಬಂತು? ನಿನ್ನ ರಿವಾಲ್ವರಿನ ಒಡೆದ ನಳಿಗೆಯಲ್ಲಿ ಗುಂಡುಗಳು ಇನ್ನೂ ಸಿಕ್ಕಿಕೊಂಡಿವೆ ಎಂದು ಅಕ್ಕ ಹೇಳಿದ್ದಳು. ನಳಿಗೆಯನ್ನು ಉದ್ದಕ್ಕೆ ಕತ್ತರಿಸು. ತಳ ನೋಡು. ತಾಮ್ರ ಇದ್ದರೆ ನನ್ನದು, ಇಲ್ಲದಿದ್ದರೆ ನಿನ್ನದು.

ನೋಡಿದ ಮೇಲೆ ಡೆಲ್ಬರ್ಟನ ಅಂಗಡಿಯಲ್ಲಿ ನಿಂತು ಎಲ್ಲರ ಎದುರಿಗೆ ಹೇಳು. ಅಷ್ಟೇ ನಾನು ಕೇಳುವುದು.

ಇನ್ನೂ ನಿನ್ನ ಬಾಮೈದನೇ ಆಗಿರುವ,
ಲೆಲ್ಯಾಂಡ್ ಹಾಸ್ಕಿನ್ಸ್

•

ಲೆಡೋರ್, ಐಡಹೊ
ಆಗಸ್ಟ್ 11, 1976

ಲೆಲ್ಯಾಂಡ್,

ಬಲಗೈ ಚೆನ್ನಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ. ಮದುವೆಯ ಉಂಗುರವನ್ನು ಡಾಕ್ಟರು ಒಂದು ಕಾಗದದ ಪೊಟ್ಟಣದಲ್ಲಿ ಹಾಕಿ ವರ್ನಾ ಕೈಗೆ ಕೊಟ್ಟರು. ನಡುಬೆರಳು ಇದೆ, ಮಡಚುವುದಿಲ್ಲ. ಕೈ ಹೇಗಿದೆ ಎಂದು ಕೇಳಿದೆಯಲ್ಲ, ಹೀಗಿದೆ.

ನಾನು ಲಾಳ ಹೊಡೆಯುವವನು. ಕುದುರೆಯ ಕಾಲನ್ನು ತೊಡೆಗಳ ಮಧ್ಯೆ ಹಿಡಿದು ಬಾಗಿದಾಗ ಗೊರಸಿಗೆ ಮೊಳೆ ಹಿಡಿಯುವುದು ಎಡಗೈ. ಕಾಲು ಎಳೆದುಕೊಂಡರೆ ತಡೆಯುವುದೂ ಎಡಗೈ. ಈಗ ವರ್ನಾ ನನ್ನ ಪಕ್ಕ ಬಗ್ಗಿ ಮೊಳೆ ಹಿಡಿಯುತ್ತಾಳೆ. ಐವತ್ತೆರಡು ವರ್ಷದ ಹೆಂಗಸು, ಹುಚ್ಚು ಗಂಡುಕುದುರೆಗಳ ಹೊಟ್ಟೆಯ ಕೆಳಗೆ. ನೀನು ಅಲ್ಲಿ ಕೂತು ಹೆಸರು ಹೋಯಿತು, ಹೆಸರು ಹೋಯಿತು ಎಂದು ಅಳುತ್ತಿದ್ದೀಯ.

ಏನಾಯಿತು ಎಂದು ನಿನಗೂ ಗೊತ್ತಿರಲಿ. ಮೇವಿನ ಮೈದಾನದಲ್ಲಿ ಬ್ಯಾಜರ್ ಪ್ರಾಣಿ ಒಂದು ಬಿಲ ತೋಡಿತ್ತು. ಕುದುರೆ ಅದರಲ್ಲಿ ಕಾಲಿಟ್ಟರೆ ಮುಗಿಯಿತು. ಬ್ಯಾಜರ್ ತಲೆ ಹೊರಗೆ ಹಾಕಿದ್ದು ಕಂಡು ಪಿಕಪ್ಪಿನಿಂದ ರಿವಾಲ್ವರ್ ತೆಗೆದು ಬೇಲಿಯ ಕಂಬದ ಮೇಲೆ ಎಡಗೈ ಇಟ್ಟೆ, ಅದರ ಮೇಲೆ ನಳಿಗೆ ಇಟ್ಟು ಗುರಿ ಹಿಡಿದೆ. ಮೊದಲನೆಯದು ಟುಸ್ ಎಂದಿತು. ಎರಡನೆಯದು ಹೊಡೆದೆ. ಆಮೇಲೆ ಕಂಬದ ಮೇಲೆ ನನ್ನ ಕೈಯನ್ನು ಹುಡುಕಬೇಕಾಯಿತು.

ನಿನ್ನ ಡಬ್ಬಿಯ ತೋಟಾ ಅದು. ನಿನ್ನದೇ. ಗುಂಡಿಗೆ ತಾಮ್ರದ ಚಡ್ಡಿ ಹಾಕಿ ಮೆರೆಯುತ್ತೀಯಲ್ಲ, ಆ ಚಡ್ಡಿ ನನ್ನ ಬೆರಳು ಉಳಿಸಲಿಲ್ಲ. ನಾನು ಲೆಡೋರ್‌ನಲ್ಲಿ ಹೇಳಿದ್ದೇನೆ, ಸಾಮನ್‌ನಲ್ಲಿ ಹೇಳಿದ್ದೇನೆ, ಚರ್ಚಿನ ಮೆಟ್ಟಿಲ ಮೇಲೆ ನಿಂತು ಪಾದ್ರಿಗೂ ಹೇಳಿದ್ದೇನೆ. ಇನ್ನೂ ಹೇಳುತ್ತೇನೆ.

ನಳಿಗೆ ಕತ್ತರಿಸುವುದಿಲ್ಲ. ಗನ್ನು ನನ್ನದು, ಬೆರಳು ನನ್ನವು, ಕತ್ತರಿಸುವುದೂ ಬಿಡುವುದೂ ನನ್ನಿಷ್ಟ. ನೀನು ಯಾವನು ಕೇಳುವುದಕ್ಕೆ?

ನನ್ನ ಹೊಸ್ತಿಲು ತುಳಿಯಬೇಡ.

ಆರ್ವಿಡ್ ಲುಂಡ್

•

ಮೆಕೇ, ಐಡಹೊ
ಆಗಸ್ಟ್ 24, 1976

ಭಾವ,

ಕತ್ತರಿಸುವುದಿಲ್ಲ! ನಿರಪರಾಧಿಯ ಮಾತೇ ಇದು? ಕಳ್ಳನ ಮನೆಗೆ ಪೊಲೀಸು ಬಂದರೆ ಬೀರುವಿನ ಬೀಗದ ಕೈ ಕಳೆದುಹೋಗಿದೆ ಎನ್ನುತ್ತಾನಲ್ಲ, ಹಾಗಿದೆ.

ನಿನ್ನ ಬೆರಳಿಗಾಗಿ ನಾನು ಮರುಗಿಲ್ಲ ಎಂದುಕೊಳ್ಳಬೇಡ. ಅಕ್ಕ ಕುದುರೆಯ ಕೆಳಗೆ ಬಗ್ಗುತ್ತಾಳೆ ಎಂದು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಆದರೆ ಮರುಕ ಬೇರೆ, ನ್ಯಾಯ ಬೇರೆ. ನಿನ್ನ ಬಾಯಿಯ ದೆಸೆಯಿಂದ ಇಲ್ಲಿ ಏನಾಗಿದೆ ಗೊತ್ತೇ? ಡೆಲ್ಬರ್ಟ್ ನನ್ನ ಡಬ್ಬಿಗಳನ್ನೆಲ್ಲ ಕಪಾಟಿನಿಂದ ಇಳಿಸಿ ಹಿಂದಿನ ಬಾಗಿಲ ಹತ್ತಿರ ಇಟ್ಟಿದ್ದಾನೆ. "ತಪ್ಪು ತಿಳ್ಕೋಬೇಡ ಲೆಲ್ಯಾಂಡ್, ನಂಗೂ ಹತ್ತು ಬೆರಳಿದಾವೆ, ಹಂಗೇ ಇರ್ಲಿ ಅಂತ ಆಸೆ" ಎಂದು ಹಲ್ಲು ಕಿರಿದ. ಮಾರ್ಗದರ್ಶಿಗಳು ಒಬ್ಬೊಬ್ಬರಾಗಿ ಮನೆಗೇ ಬಂದು ತೋಟಾ ಅಂಗಳದಲ್ಲಿಟ್ಟು, ನನ್ನ ಮುಖ ನೋಡದೆ ಹೋಗುತ್ತಿದ್ದಾರೆ. ಇಪ್ಪತ್ತು ವರ್ಷ ಜೊತೆಗೆ ಬೇಟೆಯಾಡಿದವರು, ಮಾರಾಯ! ನನಗೆ ಎಷ್ಟು ಅವಮಾನವಾಗಿದೆ ಎಂದರೆ ಭಾನುವಾರ ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದೇನೆ.

ಈಗ ನನ್ನ ಮಾತು ಕೇಳು. ಏನಾಯಿತು ಎಂದು ನಾನು ಹೇಳುತ್ತೇನೆ, ನಿನ್ನ ಕಾಗದದಲ್ಲೇ ಇದೆ ಎಲ್ಲ.

"ಪಿಕಪ್ಪಿನಿಂದ" ತೆಗೆದೆ ಎಂದೆ. ಪಿಕಪ್ಪಿನ ಮುಂಗಾಜಿನ ಕೆಳಗೆ ತೋಟಾ ಇಡುವುದು ನಿನ್ನ ಚಟ. ಜುಲೈ ಬಿಸಿಲಿನಲ್ಲಿ ಅಲ್ಲಿ ಮೊಟ್ಟೆ ಒಡೆದು ಹಾಕಿದರೆ ಬೇಯುತ್ತದೆ. ನೀನು ಗುಂಡಿಗೆ ಸವರುವುದು ಏನು? ಜೇನುಮೇಣ, ಕುರಿಯ ಕೊಬ್ಬು. ಹಳದಿ ಪಾಯಸ. ನನ್ನ ಗ್ರೀಸು ಕಪ್ಪು, ಗ್ರಾಫೈಟ್ ಹಾಕಿದ್ದು, ಕಾದ ಬಾಣಲೆಯಲ್ಲಿಟ್ಟರೂ ಜಗ್ಗುವುದಿಲ್ಲ. ನಿನ್ನ ಪಾಯಸ ಬಿಸಿಲಿಗೆ ಕರಗಿತು, ತಳದಲ್ಲಿ ತಡೆಯಲು ಬಟ್ಟಲಿಲ್ಲ, ಜಾರಿ ಮದ್ದಿಗೆ ಇಳಿಯಿತು. ಮದ್ದು ಹಸಿಯಾಯಿತು. ಅದಕ್ಕೇ ಟುಸ್ ಎಂದಿತು. ಗುಂಡು ಅರ್ಧ ದಾರಿಯಲ್ಲಿ ನಳಿಗೆಯಲ್ಲೇ ಸಿಕ್ಕಿಕೊಂಡಿತು. ಅದರ ಹಿಂದೆ ಎರಡನೆಯದು ಬಂದು ಗುದ್ದಿ ನಳಿಗೆ ಸೀಳಿತು.

ಮತ್ತೆ, ಟುಸ್ ಎಂದರೆ ನಿಲ್ಲಬೇಕು ಎಂದು ಗನ್ನು ಹಿಡಿಯುವ ಮಗುವಿಗೂ ಗೊತ್ತಿರುತ್ತದೆ. ನೀನು ಮತ್ತೊಮ್ಮೆ ಟ್ರಿಗರ್ ಎಳೆದೆ. ಯಾಕೆಂದರೆ ನೀನು ಆರ್ವಿಡ್ ಲುಂಡ್, ನಿನಗೆ ನಿಲ್ಲುವುದು ಎಂದರೇನು ಎಂದೇ ಗೊತ್ತಿಲ್ಲ.

ಹೀಗೆ ನಿನ್ನ ಗುಂಡು, ನಿನ್ನ ಗ್ರೀಸು, ನಿನ್ನ ಗಾಡಿ, ನಿನ್ನ ಬೆರಳು. ಹೆಸರು ಮಾತ್ರ ನನ್ನದು ಹಾಳಾಗಬೇಕು, ಅಲ್ಲವೇ? ನಳಿಗೆ ಕತ್ತರಿಸು. ಇಲ್ಲದಿದ್ದರೆ ಅಕ್ಕನಿಗೇ ಬರೆಯುತ್ತೇನೆ. ಅವಳಿಗಾದರೂ ಸತ್ಯ ಬೇಕಿರುತ್ತದೆ.

ಲೆಲ್ಯಾಂಡ್

•

ಲೆಡೋರ್
ಸೆಪ್ಟೆಂಬರ್ 5

ಲೇ,

ನಿನ್ನ ಪಾಠ ಓದಿದೆ. ಕುಲುಮೆಯ ಬೆಂಕಿ ಹೊತ್ತಿಸಲು ಕಾಗದ ಬೇಕಿತ್ತು, ಉಪಯೋಗಕ್ಕೆ ಬಂತು.

ವರ್ನಾಳನ್ನು ಇದರ ಮಧ್ಯೆ ಎಳೆದರೆ ನಾನು ಮನುಷ್ಯನಾಗಿರುವುದಿಲ್ಲ. ಇದನ್ನು ಹೆದರಿಸಲಿಕ್ಕೆ ಬರೆದೆ ಎಂದುಕೊಳ್ಳಬೇಡ, ಇದ್ದದ್ದನ್ನು ಬರೆದೆ. ಅವಳಿಗೆ ಒಂದು ಸಾಲು ಬರೆಯಬೇಡ. ಗುಂಡಿನ ವಿಷಯ, ತಳದ ವಿಷಯ, ಗ್ರೀಸಿನ ವಿಷಯ ಅವಳ ಕಿವಿಗೆ ಹಾಕಬೇಡ. ನಿನ್ನ ಕಾಗದಗಳನ್ನು ಅವಳು ಓದುವುದಿಲ್ಲ, ನಾನು ಓದಗೊಡುವುದೂ ಇಲ್ಲ. ನಳಿಗೆ ಕತ್ತರಿಸುವ ಮಾತು ಇನ್ನೊಮ್ಮೆ ಎತ್ತಿದರೆ ರಿವಾಲ್ವರನ್ನು ನದಿಗೆ ಎಸೆಯುತ್ತೇನೆ.

ತಪ್ಪು ನಿನ್ನದು. ಹೊತ್ತುಕೋ. ಸುಮ್ಮನಿರು.

ಆರ್ವಿಡ್

•

ಲೆಡೋರ್
ಸೆಪ್ಟೆಂಬರ್ 19, 1976

ಲೆಲ್ಯಾಂಡ್ ಮರಿ,

ಹಾಲಿನ ಲಾರಿಯವನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಹಿಟ್ಟಿನ ಚೀಲದಲ್ಲಿ ಸುತ್ತಿದೆ. ಅದರಲ್ಲಿರುವುದು ಏನು ಎಂದು ನಿನಗೆ ಮುಟ್ಟಿದರೇ ಗೊತ್ತಾಗುತ್ತದೆ. ಆರ್ವಿಡ್ ಅದನ್ನು ಕುಲುಮೆಯ ಹಿಂದೆ ಇದ್ದಿಲ ಕೆಳಗೆ ಹುಗಿದಿದ್ದ. ಅವನಿಗೆ ಹೇಳದೆ ತೆಗೆದೆ. ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಹೇಳದೆ ಮಾಡಿದ ಕೆಲಸ ಇದೊಂದೇ ಅಲ್ಲ, ಆದರೆ ಇದರಷ್ಟು ದೊಡ್ಡದು ಬೇರೆ ಇಲ್ಲ.

ನಳಿಗೆ ಕತ್ತರಿಸು ಎಂದು ನೀನು ಕೇಳುತ್ತಿದ್ದೀಯಂತೆ. ಅವನು ಕುಡಿದಾಗ ಗೊಣಗಿದ: "ಕತ್ತರಿಸ್ಬೇಕಂತೆ, ಕತ್ತರಿಸ್ಬೇಕಂತೆ, ಅವನ ತಲೆ ಕತ್ತರಿಸ್ತೀನಿ." ಕತ್ತರಿಸಿದರೆ ಯಾರ ತಪ್ಪು ಎಂದು ಗೊತ್ತಾಗುತ್ತದೆಯಾದರೆ ಕತ್ತರಿಸಿಬಿಡು. ಅದರ ಲೆಕ್ಕಾಚಾರ ನನಗೆ ತಿಳಿಯದು. ನಾನು ಎರಕ ಹೊಯ್ಯಬಲ್ಲೆ, ತೋಟಾ ತುಂಬಬಲ್ಲೆ, ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ. ಆದರೆ ನಿಮ್ಮಿಬ್ಬರ ಬಟ್ಟಲು-ಚಡ್ಡಿಯ ಜಗಳ ಊಟದ ಮೇಜಿನ ಮೇಲೆ ಶುರುವಾದಾಗ ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ.

ನಿನ್ನ ಕೈಕೆಲಸ ನನಗೆ ಗೊತ್ತು. ಏಪ್ರಿಲ್‌ನಲ್ಲಿ ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿನ್ನ ಎರಕದ ಮೇಜಿನ ಮುಂದೆ ಕೂತವಳು ನಾನೇ ಅಲ್ಲವೇ? ಎಲ್ಲ ಎಷ್ಟು ಅಚ್ಚುಕಟ್ಟು! ಹೊತ್ತು ಹೋಗದೆ ಎರಕ ಹೊಯ್ದೆ, ಕೊನೆಯ ಎರಕದ ಗುಂಡುಗಳನ್ನು ಕಾಫಿ ಡಬ್ಬಿಯಲ್ಲಿ ಇಲ್ಲಿಗೆ ತಂದು ನಮ್ಮ ಅಡುಗೆಮನೆಯಲ್ಲೇ ತೋಟಾ ತುಂಬಿದೆ. ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ಅವನ ಮಂಚದ ಮೇಲೆ ಬಗ್ಗಿದೆ. ಮೊದಲು ಕೇಳಿದ್ದೇ ಅದನ್ನು: "ಆರ್ವಿಡ್, ನಾನು ತುಂಬಿದ್ವಾ ಅವು?" ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ನಿನ್ನವು ಜೂನ್‌ನಲ್ಲೇ ಮುಗಿದ್ವು ಕಣೇ, ಇಲಿ ಹೊಡ್ಯೋಕೆ. ಇದು ನಿನ್ ತಮ್ಮನ ಡಬ್ಬೀದು." ಆಗ ನನ್ನ ಉಸಿರು ವಾಪಸು ಬಂತು. ಗಂಡ ಅಲ್ಲಿ ರಕ್ತದಲ್ಲಿ ಮಲಗಿರುವಾಗ ಹಾಗೆ ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು.

ಅವನು ಎಲ್ಲದಕ್ಕೂ ಸಿಡುಕುತ್ತಾನೆ ಈಗ. ಕಾಫಿ ಬಿಸಿಯಾದರೆ ಸಿಡುಕು, ತಣ್ಣಗಾದರೆ ಸಿಡುಕು. ಕೆಲವು ಸಲ ಆ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಉಣ್ಣುತ್ತಾನೆ, ನಾನು ನೋಡಬಾರದೆಂದು. ಅದನ್ನು ನೋಡಿದರೆ ನನಗೆ ಎಂಥ ಸಿಟ್ಟು ಬರುತ್ತದೆ ಎಂದರೆ, ಲೆಲ್ಯಾಂಡ್, ಯಾರ ಕೈ ಆ ತೋಟಾ ತುಂಬಿತೋ ಅವರ ಮುಖವನ್ನು ನಾನು ಬದುಕಿರುವವರೆಗೂ ನೋಡುವುದಿಲ್ಲ. ಅದು ನೀನೇ ಆದರೂ ಸರಿ. ನೀನಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಇದ್ದದ್ದನ್ನು ಇದ್ದಹಾಗೆ ಬರೆ. ನನ್ನಾಣೆ.

ನಿನ್ನ ಹೊಟ್ಟೆಯ ಹೊಲಿಗೆ ಜೋಪಾನ. ಭಾರ ಎತ್ತಬೇಡ.

ವರ್ನಕ್ಕ

•

ಮೆಕೇ
ಅಕ್ಟೋಬರ್ 3, 1976

ವರ್ನಕ್ಕ,

ಕತ್ತರಿಸಿದೆ. ಎರಡು ಗುಂಡು ಒಂದರ ಬೆನ್ನಿಗೊಂದು ಸಿಕ್ಕಿಕೊಂಡಿದ್ದವು. ಮುಂದಿನದು ಜಜ್ಜಿಹೋಗಿತ್ತು, ಹಿಂದಿನದರ ತಳ ಚೆನ್ನಾಗಿಯೇ ಉಳಿದಿತ್ತು.

ಗುಂಡು ನನ್ನ ಅಚ್ಚಿನದು. ಬಟ್ಟಲು ಕೂರಲೆಂದು ತಳದಲ್ಲಿ ಒಂದು ಮೆಟ್ಟಿಲು ಇರುವ ಅಚ್ಚು ಎರಡೂ ಮನೆಗಳಲ್ಲಿ ನನ್ನ ಹತ್ತಿರ ಮಾತ್ರ ಇರುವುದು. ಮೆಟ್ಟಿಲು ಇದೆ, ಬಟ್ಟಲು ಇಲ್ಲ. ಮಾರ್ಚ್‌ನಲ್ಲಿ ಬಟ್ಟಲು ಮುಗಿದಿತ್ತು. ಅಂಚೆಯಲ್ಲಿ ಬರುವವರೆಗೆ ಕಾಯಲು ನನಗೆ ತಾಳ್ಮೆ ಇರಲಿಲ್ಲ. ಬೋಳಾಗಿಯೇ ತುಂಬಿದೆ, ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟೆ, ಮರೆತುಬಿಟ್ಟೆ. ನೀನು ಅದನ್ನೇ ಒಯ್ದೆ. ನೀನು ಏಪ್ರಿಲ್‌ನಲ್ಲಿ ಹೊಯ್ದ ಎರಕಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ, ಅದು ಬೇರೆ, ಇದು ಬೇರೆ.

ಭಾವ ಹೇಳಿದ್ದೆಲ್ಲ ನಿಜ. ಇದನ್ನು ಅವನಿಗೆ ತೋರಿಸು. ಗುಂಡುಗಳನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ, ಕರಗಿಸಿಬಿಟ್ಟೆ. ಡೆಲ್ಬರ್ಟನ ಅಂಗಡಿಗೂ ಹೋಗಿ ಹೇಳಿ ಬಂದೆ.

ನೀನು ಆಣೆ ಇಟ್ಟು ಕೇಳಿದೆ, ನಾನು ಬರೆದಿದ್ದೇನೆ.

ಲೆಲ್ಯಾಂಡ್

•

ಲೆಡೋರ್
ಅಕ್ಟೋಬರ್ 12

ಲೆಲ್ಯಾಂಡ್,

ತಾಳ್ಮೆ ಇರಲಿಲ್ಲವಂತೆ. ನಿನಗೆ ಅಂಚೆ ಬರುವವರೆಗೆ ತಾಳ್ಮೆ ಇರಲಿಲ್ಲ, ಅದಕ್ಕೆ ನನ್ನ ಗಂಡ ಬದುಕಿರುವವರೆಗೂ ಅಂಗಿಯ ಒಂದು ಗುಂಡಿ ಹಾಕಿಕೊಳ್ಳಲು ನನ್ನನ್ನು ಕೂಗಬೇಕು.

ಆಗಸ್ಟ್ ತಿಂಗಳೆಲ್ಲ ನೀನು ಅವನಿಗೆ ಕಾಗದದ ಮೇಲೆ ಕಾಗದ ಬರೆದು ಬೈದೆ. ಅವನು ನನಗೆ ಒಂದನ್ನೂ ತೋರಿಸಲಿಲ್ಲ, ಆದರೆ ಲಕೋಟೆಯ ಮೇಲೆ ನೀನು ಒತ್ತಿ ಬರೆದ ಅಕ್ಷರ ನೋಡಿದರೇ ತಿಳಿಯುತ್ತಿತ್ತು. ಬೆರಳು ಕಳೆದುಕೊಂಡವನಿಗೆ ಬೈಯಲು ನಿನಗೆ ಬಾಯಾದರೂ ಹೇಗೆ ಬಂತು? ನಾನು ನಿನ್ನ ಪರ ವಾದಿಸಿದೆನಲ್ಲ, ಮೂರ್ಖಿ! "ನನ್ ತಮ್ಮ ಅಂಥ ಕೆಲಸ ಮಾಡೋನಲ್ಲ" ಎಂದು ಅವನ ಮುಖಕ್ಕೇ ಹೇಳಿದೆ.

ನಿನ್ನ ಕಾಗದವನ್ನು ಅವನಿಗೆ ಕೊಟ್ಟೆ. ಎರಡು ಸಲ ಓದಿದ. "ನೋಡ್ದೆಯಾ, ನಾನ್ ಹೇಳಿರ್ಲಿಲ್ವಾ?" ಎನ್ನುತ್ತಾನೆ ಎಂದುಕೊಂಡೆ. ಎದ್ದು ಕುಲುಮೆಗೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರಬೇಡ. ಕ್ರಿಸ್‌ಮಸ್ಸಿಗೂ ಬೇಡ. ನಾನು ಸತ್ತರೆ ಯಾರಾದರೂ ತಿಳಿಸುತ್ತಾರೆ, ಆಗಲೂ ಬೇಡ.

ವರ್ನಾ ಲುಂಡ್

•

ಡಿಲ್ಲನ್, ಮೊಂಟಾನಾ
ನವೆಂಬರ್ 4, 1976

ಲೆಲ್ಯಾಂಡ್,

ಇಲ್ಲಿ ಒಬ್ಬನ ಕುದುರೆ ನೋಡಲು ಬಂದಿದ್ದೇನೆ. ಲೆಡೋರ್ ಅಂಚೆಯಲ್ಲಿ ಇದನ್ನು ಹಾಕಿದರೆ ಆ ಪೋಸ್ಟ್ ಮಾಸ್ಟರ್ ಹೆಂಗಸು ವರ್ನಾಗೆ ಹೇಳದೆ ಇರುವವಳಲ್ಲ. ಓದಿ ಸುಡು. ಸುಡದಿದ್ದರೆ ಬಂದು ನಿನ್ನನ್ನೇ ಸುಡುತ್ತೇನೆ.

ನಿನಗೆ ಸುಳ್ಳು ಹೇಳುವುದಕ್ಕೂ ಬರುವುದಿಲ್ಲವಲ್ಲೋ! "ನೀನು ಹೊಯ್ದ ಎರಕಕ್ಕೂ ಇದಕ್ಕೂ ಸಂಬಂಧವಿಲ್ಲ." ಯಾರು ಕೇಳಿದ್ದರು ನಿನ್ನನ್ನು? ಆ ಸಾಲು ಓದಿ ನನ್ನ ಪ್ರಾಣವೇ ಬಾಯಿಗೆ ಬಂತು. ಪುಣ್ಯಕ್ಕೆ ಅವಳು ಸಿಟ್ಟಿನಲ್ಲಿದ್ದಳು, ಗಮನಿಸಲಿಲ್ಲ. ಗುಂಡು ಕರಗಿಸಿದೆಯಂತೆ. ನಿನ್ನ ಜನ್ಮದಲ್ಲಿ ನೀನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು.

ಆ ಗುಂಡಿಗೆ ಅಂಟಿದ್ದ ಹಳದಿ ಗ್ರೀಸಿನ ವಿಷಯ ನಿನ್ನ ಕಾಗದದಲ್ಲಿ ಇಲ್ಲ. ಬೇಕೆಂದೇ ಬಿಟ್ಟಿದ್ದೀಯ. ನಾನು ಅದನ್ನು ಆಸ್ಪತ್ರೆಯಿಂದ ಬಂದ ದಿನವೇ ನೋಡಿದ್ದೆ. ಆ ದಿನ ಬಳಸಿದ್ದ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದೆ, ಬಲಗೈ ಮತ್ತು ಹಲ್ಲಿನಲ್ಲಿ. ಮದ್ದು ಒದ್ದೆ ಬೂಸಾದಂತೆ ಗಂಟುಕಟ್ಟಿತ್ತು. ಗುಂಡಿನ ತಳದಲ್ಲಿ ನಿನ್ನ ಅಚ್ಚಿನ ಮೆಟ್ಟಿಲು, ಮೈಮೇಲೆ ನನ್ನ ಮನೆಯ ಕುರಿಕೊಬ್ಬು. ನಿನ್ನ ಅಚ್ಚನ್ನೂ ನನ್ನ ಗ್ರೀಸನ್ನೂ ಎರಡನ್ನೂ ಮುಟ್ಟುವ ಕೈ ಈ ಪ್ರಪಂಚದಲ್ಲಿ ಒಂದೇ ಇರುವುದು. ಉಳಿದದ್ದನ್ನೆಲ್ಲ ನದಿಗೆ ಹಾಕಿದೆ.

ಅವಳು ಬಟ್ಟಲು ಯಾಕೆ ಹಾಕಲಿಲ್ಲ ಗೊತ್ತೇ? ಅದು ದಂಡ ಎಂದು ನನ್ನ ಬಾಯಿಂದ ಮೂವತ್ತು ವರ್ಷ ಕೇಳಿದ್ದಾಳೆ. ಪ್ರತಿ ಹಬ್ಬದ ಊಟಕ್ಕೆ ಕೂತಾಗಲೂ ನಿನ್ನನ್ನು ಹೀಯಾಳಿಸಲು ಅದನ್ನೇ ಹೇಳುತ್ತಿದ್ದೆ. ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು, ಆದರೆ ಕಿವಿ ಇಲ್ಲೇ ಬಿಟ್ಟು ಹೋಗುತ್ತಿದ್ದಳು. ನನ್ನ ಬೋಳು ತಳದ ಗುಂಡಿಗೆ ಬಟ್ಟಲು ಬೇಡ, ಅದನ್ನು ಹಾಗೆಂದೇ ಎರೆದಿರುತ್ತೇನೆ. ನಿನ್ನ ಅಚ್ಚಿನ ಗುಂಡಿಗೆ ಬಟ್ಟಲಿಲ್ಲದಿದ್ದರೆ ತಳದಲ್ಲಿ ಸಂದು ಬಿಟ್ಟಿರುತ್ತದೆ. ಆ ವ್ಯತ್ಯಾಸವನ್ನು ನಾವಿಬ್ಬರೂ ಅವಳಿಗೆ ಎಂದಾದರೂ ಬಿಡಿಸಿ ಹೇಳಿದ್ದೇವೆಯೇ? ಕೂಗಾಡಿದ್ದೇವೆ, ಅಷ್ಟೇ.

ಆಸ್ಪತ್ರೆಯಲ್ಲಿ ಅವಳು "ನಾನು ತುಂಬಿದ್ವಾ?" ಎಂದು ಕೇಳಿದಾಗ ಅವಳ ಮುಖ ನೋಡಬೇಕಿತ್ತು ನೀನು. ಹೌದು ಎಂದಿದ್ದರೆ ಆ ಹೆಂಗಸು ಮತ್ತೆ ನನ್ನ ಕೈ ನೋಡಿ ಊಟ ಮಾಡುತ್ತಿರಲಿಲ್ಲ. ಅವಳು ಎಂಥವಳು ಎಂದು ನಿನಗೆ ನನಗಿಂತ ಮೊದಲೇ ಗೊತ್ತು. ಬಾಯಿಗೆ ಬಂದ ಮೊದಲ ಹೆಸರು ನಿನ್ನದು. ಒಂದು ಸಲ ಹೇಳಿದ ಮೇಲೆ ಊರೆಲ್ಲ ಹೇಳಬೇಕಾಯಿತು. ನಾನು ನಿನ್ನನ್ನು ಬೈಯದೆ ಸುಮ್ಮನಿದ್ದರೆ ಅವಳು ಯಾಕೆ ಎಂದು ಕೇಳುತ್ತಾಳಲ್ಲ. ನೀನು ಕತ್ತರಿಸು ಕತ್ತರಿಸು ಎಂದು ಪ್ರಾಣ ತಿಂದೆ. ಸುಮ್ಮನಿರು ಎಂದರೆ ಕೇಳಲಿಲ್ಲ. ನಿನ್ನ ಆ ಕಾಗದ ಬರುವವರೆಗೂ ನಾನು ನಿನ್ನನ್ನು ಮನಸಾರೆ ದ್ವೇಷಿಸುತ್ತಿದ್ದೆ. ಸುಳ್ಳಲ್ಲ.

ನಿನ್ನ ಹೆಸರು ಹೋಯಿತು. ಅದನ್ನು ವಾಪಸು ತಂದುಕೊಡಲು ನನ್ನ ಹತ್ತಿರ ದಾರಿ ಇಲ್ಲ. ನೀನಾಗಿಯೇ ಡೆಲ್ಬರ್ಟನ ಅಂಗಡಿಗೆ ಹೋಗಿ ಹೇಳಿಕೊಂಡೆಯಂತೆ, ಅಲ್ಲಿದ್ದವನೊಬ್ಬ ನನಗೆ ಹೇಳಿದ. ನೀನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದೆಯಂತೆ. ಅದನ್ನು ಕೇಳಿ ನಾನು ಆ ದಿನ ಕೆಲಸ ಮಾಡಲಿಲ್ಲ.

ಈಗ ಮುಂದಿನ ಮಾತು. ಥ್ಯಾಂಕ್ಸ್‌ಗಿವಿಂಗ್‌ಗೆ ಬಾ. ವರ್ನಾ ಬೇಡ ಎಂದು ಬರೆದಿದ್ದಾಳೆ, ಗೊತ್ತು. ನಾನು ಅವಳಿಗೆ ಹೇಳಿದ್ದೇನೆ: "ಬೆರಳು ಹೋಗಿದ್ದು ನಂದು. ಅವನ ಮುಖಕ್ಕೆ ಉಗಿಯೋ ಹಕ್ಕೂ ನಂದು. ಅವನು ಬರ್ದೇ ಇದ್ರೆ ನಾನ್ ಯಾರ್ಗೆ ಉಗೀಲಿ, ಟರ್ಕಿ ಕೋಳಿಗಾ? ತಟ್ಟೆ ಇಡು." ಅತ್ತಳು. ಆಮೇಲೆ "ಅವ್ನಿಗೆ ಕುಂಬಳಕಾಯಿ ಪೈ ಮಾಡಲ್ಲ ನಾನು" ಎಂದಳು. ನಿನ್ನೆ ಕುಂಬಳಕಾಯಿ ತಂದಿಟ್ಟಿದ್ದಾಳೆ.

ಬಂದ ಕೂಡಲೇ ನಾನು ಶುರುಮಾಡುತ್ತೇನೆ. ಬಾಯಿಗೆ ಬಂದದ್ದೆಲ್ಲ ಅನ್ನುತ್ತೇನೆ. ನೀನು ತಪ್ಪಿತಸ್ಥನ ಹಾಗೆ ತಲೆ ಬಗ್ಗಿಸಿಕೊಂಡು ಕೂತೀಯ, ಜೋಕೆ! ನೀನು ಯಾವತ್ತೂ ತಲೆ ಬಗ್ಗಿಸಿದವನಲ್ಲ, ಅವಳಿಗೆ ಅನುಮಾನ ಬಂದುಬಿಡುತ್ತದೆ. ತಿರುಗಿ ಬೈ. ಟುಸ್ ಎಂದ ಮೇಲೂ ಯಾಕೆ ಹೊಡೆದೆ ಎಂದು ಕೇಳು, ಬೇಕಾದರೆ ಮೇಜು ಗುದ್ದು. ಅವಳು "ಸಾಕು ಮಾಡ್ರೋ" ಎಂದು ಕೂಗುವವರೆಗೂ ನಿಲ್ಲಿಸಬೇಡ. ಮುಂದಿನ ವರ್ಷವೂ ಹೀಗೇ, ಅದರ ಮುಂದಿನ ವರ್ಷವೂ ಹೀಗೇ. ನಾವಿಬ್ಬರು ಮೆತ್ತಗಾದ ದಿನ ಅವಳು ಕೂತು ಯೋಚಿಸಲು ಶುರುಮಾಡುತ್ತಾಳೆ. ಅದು ಆಗಕೂಡದು. ಅದಕ್ಕಾಗಿ ನಾನು ಸಾಯುವವರೆಗೂ ನಿನ್ನನ್ನು ಬೈಯಬೇಕು ಎಂದಾದರೆ ಬೈಯುತ್ತೇನೆ. ಅದೇನು ನನಗೆ ಅಂಥ ಕಷ್ಟದ ಕೆಲಸವಲ್ಲ.

ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಾ. ಕಣಿವೆಯ ರಸ್ತೆಯಲ್ಲಿ ಹಿಮ ಬಿದ್ದಿದೆ, ನಿಧಾನವಾಗಿ ಓಡಿಸು.

ನಿನ್ನ ಮುಖ ಕಂಡರಾಗದ,
ಭಾವ ಆರ್ವಿಡ್